ಅವ್ವನ ಮೂರು ನೀರು

ಏಪ್ರಿಲ್ ರಜೆಗೆ ಬಂದ ಮೊಮ್ಮಗಳ ಚೀಲದಲ್ಲಿ ಈ ಸಲ ಬಟ್ಟೆಗಳ ನಡುವೆ ಜೋಪಾನವಾಗಿ ಸುತ್ತಿಟ್ಟ ಒಂದು ತಾಪಮಾಪಕ ಇತ್ತು. ಜ್ವರ ನೋಡುವಂಥದ್ದಲ್ಲ, ಶಾಲೆಯ ಪ್ರಯೋಗಾಲಯದ್ದು. ಉದ್ದನೆಯ ಗಾಜಿನ ಕಡ್ಡಿ, ಒಳಗೆ ಕೆಂಪು ದ್ರವ, ಮೈಮೇಲೆ 110ರವರೆಗೆ ಗೀಟುಗಳು. 7ನೇ ತರಗತಿಯ ಪುಟ್ಟಿಗೆ ರಜೆಯಲ್ಲೂ ಬಿಡುವಿಲ್ಲ. ಬಿಸಿ ಮತ್ತು ತಣ್ಣನೆಯ ವಸ್ತುಗಳ ಮೇಲೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ ಬರೆದು ತರಬೇಕಂತೆ.

ಮರುದಿನ ಬೆಳಗ್ಗೆಯೇ ಮನೆ ತುಂಬ ಅಳತೆ ಶುರುವಾಯಿತು. ಮಡಕೆಯ ನೀರು 24 ಡಿಗ್ರಿ. ಅಜ್ಜಿಯ ಕಾಫಿ 62. ಮಲಗಿದ್ದ ನಾಯಿಯ ಕಿವಿಗೂ ಹಿಡಿಯಲು ಹೋಗಿ ಬೈಸಿಕೊಂಡಳು. ಸ್ವಲ್ಪ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದಳು.

"ತಾತ, ಇದು ಕೆಟ್ಟೋಗಿದೆ."

"ಯಾಕೆ?"

"ಕಿಟಕಿಯ ಕಬ್ಬಿಣದ ಸರಳು ಮುಟ್ಟಿದ್ರೆ ತಣ್ಣಗಿದೆ. ಮರದ ಬಾಗಿಲು ಅಷ್ಟು ತಣ್ಣಗಿಲ್ಲ. ಆದ್ರೆ ಎರಡಕ್ಕೂ ಒತ್ತಿ ಹಿಡಿದ್ರೆ 27 ಅಂತಲೇ ತೋರಿಸುತ್ತೆ."

"ಕೆಟ್ಟಿರೋದು ಅದಲ್ಲ ಪುಟ್ಟಿ, ನಿನ್ನ ಕೈ" ಎಂದೆ.

ಅವಳು ಕೈಯನ್ನು ತಿರುಗಿಸಿ ನೋಡಿಕೊಂಡಳು. ಕೈ ಸುಳ್ಳು ಹೇಳುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು 11ನೇ ವಯಸ್ಸಿನಲ್ಲಿ, ಹಾಲು ಒಡೆದ ಮೇಲೆ. ಆ ಕತೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವತ್ತು ಪುಟ್ಟಿಗೆ ಹೇಳಿದೆ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಹಿತ್ತಲಲ್ಲಿ ನಿಂತರೆ ಮಾಕಳಿದುರ್ಗದ ಬೆಟ್ಟ ಕಾಣುತ್ತಿತ್ತು. ಅರ್ಕಾವತಿ ಹುಟ್ಟುವ ನಂದಿಬೆಟ್ಟ ಅಷ್ಟೇನೂ ದೂರವಿಲ್ಲ ಅನ್ನುವುದೇ ಒಂದು ಹೆಮ್ಮೆ. ನೀರು ಮಾತ್ರ ಸೇದುವ ಬಾವಿಯದೇ ಗತಿ, ಅದೂ ಬೇಸಿಗೆಯಲ್ಲಿ ಹಗ್ಗಕ್ಕೆ ಹಗ್ಗ ಗಂಟು ಹಾಕಿ ಸೇದಬೇಕು. ನಾನು ಹೇಳುತ್ತಿರುವುದು 1973ರ ಮಾತು. ಆಗ ನಮ್ಮೂರಿಗೆ ಡೇರಿ ಬಂದಿರಲಿಲ್ಲ. ಅವ್ವನಿಗೆ ಒಂದು ಎಮ್ಮೆ, ಒಂದು ಸೀಮೆಹಸು. ಅದರ ಹಾಲಿಗೆ ಪೇಟೆಯ ಒಂದು ಹೋಟೆಲಿನ ವರ್ತನೆ. ಬೆಳಗಿನ ಜಾವ ನಾಲ್ಕೂವರೆಗೆ ಸೈಕಲ್ಲಿನವನು ಬಂದು ಕ್ಯಾನು ಒಯ್ಯುತ್ತಿದ್ದ. ಅಷ್ಟು ಹೊತ್ತಿಗೆ ಕರೆದ ಹಾಲು ಸಾಲದು. ಹಿಂದಿನ ರಾತ್ರಿ ಕರೆದದ್ದೂ ಸೇರಬೇಕು. ಅಂದರೆ ಸಂಜೆ ಏಳೂವರೆಗೆ ಕರೆದ ಸುಮಾರು 5 ಲೀಟರ್ ಹಾಲು ರಾತ್ರಿ ಪೂರ್ತಿ ಕೆಡದೆ ಉಳಿಯಬೇಕು. ಊರಲ್ಲಿ ಫ್ರಿಜ್ ಎಂಬ ಪದವನ್ನೇ ಯಾರೂ ಕೇಳಿರಲಿಲ್ಲ.

"ಕಾಯಿಸಿ ಇಡಬಹುದಿತ್ತಲ್ಲ ತಾತ?" ಎಂದಳು ಪುಟ್ಟಿ. ಒಳ್ಳೆಯ ಪ್ರಶ್ನೆ. ಆದರೆ ಹೋಟೆಲಿನವರು ಕಾಯಿಸಿದ ಹಾಲನ್ನು ಒಪ್ಪುತ್ತಿರಲಿಲ್ಲ. ಕೆನೆ ತೆಗೆದಿದ್ದೀರಿ ಅನ್ನುವ ಅನುಮಾನ.

ಹಸುವಿನ ಮೈ ನಮ್ಮ ಮೈಗಿಂತ ಒಂದಿಷ್ಟು ಹೆಚ್ಚೇ ಬಿಸಿ, 38 ಡಿಗ್ರಿ ದಾಟಿರುತ್ತದೆ. ಕೆಚ್ಚಲಿನಿಂದ ಬಂದ ಹಾಲೂ ಅಷ್ಟೇ ಬಿಸಿ. ಆ ಬೆಚ್ಚಗೆ ಹಾಗೇ ಬಿಟ್ಟರೆ ಅದರೊಳಗಿನ ಸೂಕ್ಷ್ಮಾಣುಗಳಿಗೆ ಹಬ್ಬ. ಅವ್ವನಿಗೆ ಸೂಕ್ಷ್ಮಾಣು ಗೊತ್ತಿರಲಿಲ್ಲ, "ಕಾವು ಕೂತ್ರೆ ಹಾಲು ಕೆಡ್ತದೆ" ಅನ್ನುವುದು ಗೊತ್ತಿತ್ತು. ಹಾಗಾಗಿ ಅವಳು ದಿನಾ ಸಂಜೆ ಒಂದು ಅಗಲವಾದ ಬೋಸಿಯಲ್ಲಿ ಹಾಲಿನ ಕ್ಯಾನು ಇಟ್ಟು, ಆಗತಾನೇ ಸೇದಿದ ನೀರನ್ನು ಸುತ್ತ ಸುರಿಯುತ್ತಿದ್ದಳು, ಬರೀ ಅರ್ಧ ಕೊಡದಷ್ಟು. ಕ್ಯಾನಿನ ಕಂಠ ಹಿಡಿದು ಆಗಾಗ ಹಾಲನ್ನು ಕುಲುಕುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಆ ನೀರನ್ನು ತೆಗೆದು ಎಮ್ಮೆಯ ಬಾನಿಗೆ ಸುರಿದು, ಮತ್ತೆ ಅರ್ಧ ಕೊಡ ಹೊಸ ನೀರು. ಹೀಗೆ ಮೂರು ಸಲ. ಕೊನೆಗೆ ಒದ್ದೆ ಗೋಣಿಚೀಲವನ್ನು ಕ್ಯಾನಿಗೆ ಸುತ್ತಿ, ಗಾಳಿಯಾಡುವ ಜಗಲಿಯಲ್ಲಿ ನೆರಿಗೆ ಕಟ್ಟಿ ಇಡುತ್ತಿದ್ದಳು.

ಮೂರು ಸಲ ಯಾಕೆ ಎಂದು ನಾನು ಕೇಳಿದ್ದೆ. "ನೀರು ಹಾಲಿನ ಕಾವು ಕುಡೀತದೆ ಕಣ್ಲಾ. ಅದಕ್ಕೆ ಹೊಟ್ಟೆ ತುಂಬಿದ ಮೇಲೆ ಕುಡಿಯಲ್ಲ. ಆವಾಗ ಹಸಿದ ನೀರು ಹುಯ್ಯಬೇಕು" ಎಂದಿದ್ದಳು. ನನಗೆ ನಗು ಬಂದಿತ್ತು.

ಆ ಏಪ್ರಿಲ್‌ನಲ್ಲಿ ದೇವನಹಳ್ಳಿ ಕಡೆಯ ಊರಲ್ಲಿದ್ದ ಚಿಕ್ಕಮ್ಮನಿಗೆ ಹೆರಿಗೆ ನೋವು ಅಂತ ಸುದ್ದಿ ಬಂತು. ಅವ್ವ ಹೊರಟಳು. ಹೋಗುವಾಗ ನನ್ನನ್ನು ಕರೆದು, "ಅಪ್ಪ ಹಾಲು ಕರೀತಾರೆ. ನೀರು ನಿನ್ನ ಕೆಲ್ಸ. ಮೂರು ನೀರು, ಮರೀಬೇಡ" ಎಂದಳು. ಅವತ್ತೇ ಊರ ಮುಂದೆ ನಾಟಕ. ಕುರುಕ್ಷೇತ್ರ. ಪಕ್ಕದೂರಿನಿಂದ ಹಾರ್ಮೋನಿಯಂ ಮೇಷ್ಟ್ರು ಬಂದಿದ್ದರು, ಗ್ಯಾಸ್ ಲೈಟು ಹೊತ್ತಿಸಿದ್ದರು. ಅಲ್ಲಿಂದ ಮೃದಂಗದ ಸದ್ದು ಬರುತ್ತಿದ್ದರೆ ಇಲ್ಲಿ ಬೋಸಿಯ ಮುಂದೆ ಕೂತಿರಲು ಯಾವ ಹುಡುಗನಿಗೆ ಸಾಧ್ಯ?

ಒಂದು ನೀರು ಹಾಕಿದೆ. ಅದೂ ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲೇ, ಬೆಕ್ಕು ಬಾರದಿರಲಿ ಅಂತ. ಕಾಲು ಗಂಟೆ ಕಾದೆ. ಕ್ಯಾನಿನ ಮೈ ಮುಟ್ಟಿ ನೋಡಿದೆ. ತಣ್ಣಗಿತ್ತು! ನಾನಾಗಿ ಸುಳ್ಳು ಹೇಳಿಕೊಂಡಿದ್ದಲ್ಲ, ನಿಜವಾಗಿ ತಣ್ಣಗೆ ಅನ್ನಿಸಿತು. ಸಾಕು ಎಂದುಕೊಂಡು ಓಡಿದೆ. ಬಂದಾಗ ಭೀಮ ದುರ್ಯೋಧನನ ತೊಡೆ ಮುರಿದು ಆಗಿತ್ತು, ಸೈಕಲ್ಲಿನವನ ಗಂಟೆ ಕೇಳುವ ಹೊತ್ತು.

ಹೋಟೆಲಿನವರು ನಮ್ಮ ಕ್ಯಾನಿನ ಹಾಲನ್ನು ಬೇರೆ ಮನೆಗಳ ಹಾಲಿನ ಜೊತೆ ಒಂದೇ ಕೊಳಗಕ್ಕೆ ಸುರಿದು ಒಲೆಯ ಮೇಲಿಟ್ಟರಂತೆ. ಉಕ್ಕುವ ಮೊದಲೇ ಇಡೀ ಕೊಳಗ ಒಡೆಯಿತು. ಇಪ್ಪತ್ತು ಲೀಟರು. ಖಾಲಿ ಕ್ಯಾನುಗಳನ್ನು ಒಂದೊಂದಾಗಿ ಮೂಸಿ ನೋಡಿದರಂತೆ. ಕಂಠಕ್ಕೆ ಕೆಂಪು ದಾರ ಕಟ್ಟಿದ ಕ್ಯಾನು ನಮ್ಮದು. ವರ್ತನೆ ನಿಂತಿತು ಅಂತ ಸೈಕಲ್ಲಿನವನು ಹೇಳಿಹೋದ.

ಅವ್ವ ಬಂದಳು. ಚಿಕ್ಕಮ್ಮನಿಗೆ ಹೆಣ್ಣುಮಗು ಅಂತ ಸಂತೋಷದಲ್ಲಿ ಬಂದವಳಿಗೆ ಅಪ್ಪ ವಿಷಯ ಹೇಳಿದರು. ಅವ್ವ ನನ್ನ ಮುಖ ನೋಡಿದಳು. ಹೊಡೆಯಲಿಲ್ಲ. ಸೀರೆಯನ್ನೂ ಬದಲಿಸದೆ ನನ್ನ ಕೈ ಹಿಡಿದುಕೊಂಡು ಪೇಟೆಯ ಬಸ್ಸು ಹತ್ತಿದಳು. ಹೋಟೆಲಿನ ಹಿಂಬಾಗಿಲಿನಲ್ಲಿ, ಮುಸುರೆ ತೊಳೆಯುವ ಕಡೆ, ಬಹಳ ಹೊತ್ತು ನಿಂತೆವು. ಕೊನೆಗೆ ಯಜಮಾನರು ಬಂದರು. "ಯಾರಮ್ಮ ಹಾಲು ಇಟ್ಟಿದ್ದು?" ಎಂದರು. ನನ್ನ ಕಾಲು ನಡುಗುತ್ತಿತ್ತು.

"ನಾನೇ ಸ್ವಾಮಿ. ಹೆರಿಗೆ ಮನೆಗೆ ಹೋಗೋ ಅವಸರದಾಗೆ ನೀರು ಬದಲಾಯಿಸ್ನಿಲ್ಲ. ನಂದೇ ತಪ್ಪು" ಎಂದಳು ಅವ್ವ.

ಹದಿನೈದು ದಿನ ಅರ್ಧ ದುಡ್ಡಿಗೆ ಹಾಲು ಕೊಡುವುದು ಅಂತ ಮಾತಾಯಿತು. ಆ ಜೂನ್‌ನಲ್ಲಿ ನಾನು ಹೊಸ ಚಡ್ಡಿ ಇಲ್ಲದೆ, ಹಿಂದೆ ತೇಪೆ ಹಾಕಿದ್ದರಲ್ಲೇ ಶಾಲೆಗೆ ಹೋದೆ. ಅದರ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ.

ಪೇಟೆಯಿಂದ ಬಂದ ಸಂಜೆ ಅವ್ವ ನನ್ನನ್ನು ಬೋಸಿಯ ಮುಂದೆ ಕೂರಿಸಿದಳು. "ಬಲಗೈ ನೀರಿಗೆ ಇಕ್ಕು. ಎಡಗೈ ಕ್ಯಾನಿನೊಳಗಿರೋ ಸೌಟು ಹಿಡಿ. ಯಾವುದು ಬಿಸಿ?" ಸೌಟು ಬಿಸಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಈಗಲೂ ಸೌಟೇ, ಆದರೆ ಸ್ವಲ್ಪ. ಇನ್ನಷ್ಟು ಹೊತ್ತಾದ ಮೇಲೆ ಯಾವುದು ಬಿಸಿ, ಯಾವುದು ತಣ್ಣಗೆ ಎಂದು ಹೇಳಲು ನನಗೆ ಆಗಲಿಲ್ಲ. "ಎರಡೂ ಒಂದೇ ಆಯ್ತಾ? ಇನ್ನು ಅಲ್ಲಿ ಏನೂ ನಡೆಯಲ್ಲ. ಬೆಳಗಾನ ಕೂತ್ಕೊಂಡ್ರೂ ನಡೆಯಲ್ಲ. ನೀರು ಬದಲಾಯಿಸು."

ಮುಂದೆ ನಾನು ಮೇಷ್ಟ್ರಾಗಿ, ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳುವಾಗ ಪ್ರತಿ ಸಲ ಆ ಪಾಠಕ್ಕೆ ಬಂದಾಗಲೂ ಬೋಸಿ ಕಣ್ಣ ಮುಂದೆ ಬರುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಉಷ್ಣ ಸಮತೋಲನ ಎಂದು ಹೆಸರು. ಉಷ್ಣ ಯಾವಾಗಲೂ ತಾಪ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಿಯುತ್ತದೆ. ನೀರಿನ 'ತಂಪು' ಹಾಲಿಗೆ ಹೋಗುವುದಿಲ್ಲ, ಹಾಲಿನ ಕಾವು ನೀರಿಗೆ ಬರುತ್ತದೆ. ವ್ಯತ್ಯಾಸ ಹೆಚ್ಚಿದ್ದಾಗ ಬೇಗ ಬೇಗ, ಕಡಿಮೆಯಾದಂತೆ ನಿಧಾನ, ಎರಡರ ತಾಪ ಒಂದೇ ಆದಾಗ ಹರಿವು ನಿಂತೇ ಹೋಗುತ್ತದೆ. ಅವ್ವ ಹೇಳಿದ 'ಹೊಟ್ಟೆ ತುಂಬುವುದು' ಇದೇ.

ಹಾಗಾದರೆ ನನ್ನ ಕೈ ಯಾಕೆ ಮೋಸ ಮಾಡಿತು? ನಮ್ಮ ಅಂಗೈ ತಾಪಮಾಪಕ ಅಲ್ಲ. ಕೈಯಿಂದ ಎಷ್ಟು ಬೇಗ ಉಷ್ಣ ಹೊರಗೆ ಹೋಗುತ್ತಿದೆ ಅಥವಾ ಒಳಗೆ ಬರುತ್ತಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತಾಗುವುದು. ಒಲೆಯ ಮುಂದೆ ಕೂತು ನನ್ನ ಕೈ ಬಿಸಿಯಾಗಿತ್ತು, ಕ್ಯಾನು ಲೋಹದ್ದು. ಲೋಹ ಕೈಯ ಉಷ್ಣವನ್ನು ಸರಸರನೆ ಎಳೆದುಕೊಳ್ಳುತ್ತದೆ. ಅದಕ್ಕೇ ತಣ್ಣಗೆ ಅನ್ನಿಸಿತು. ಪುಟ್ಟಿಯ ಕಿಟಕಿ ಸರಳಿನ ಕತೆಯೂ ಅದೇ. ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿ ಇದ್ದ ಸರಳು, ಬಾಗಿಲು, ಗೋಡೆ, ಗಾಳಿ ಎಲ್ಲವೂ ಬೆಳಗಿನ ಹೊತ್ತಿಗೆ ಒಂದೇ ತಾಪಕ್ಕೆ ಬಂದಿರುತ್ತವೆ. ಇದನ್ನು 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದರು: ಬೆಂಕಿಯಿಲ್ಲದ, ಬಿಸಿಲು ಬೀಳದ ಕೋಣೆಯಲ್ಲಿ ಸಾವಿರ ಬಗೆಯ ವಸ್ತು ಇಟ್ಟರೂ ತಾಪಮಾಪಕ ಎಲ್ಲಕ್ಕೂ ಒಂದೇ ಅಂಕಿ ತೋರಿಸುತ್ತದೆ ಎಂದು.

ಹಳ್ಳಿಯ ಅಜ್ಜ ಅಜ್ಜಿಯರಿಗೆ ಇನ್ನೊಂದು ಉದಾಹರಣೆ ಕೊಡಬಹುದು. ಸೇದುವ ಬಾವಿಯ ನೀರು ಧನುರ್ಮಾಸದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಇರುತ್ತದೆ ಅಂತ ನಾವೆಲ್ಲ ಹೇಳುತ್ತಿದ್ದೆವಲ್ಲ? ಆಳದ ಬಾವಿಯ ನೀರು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ತಾಪದಲ್ಲಿರುತ್ತದೆ, ನಮ್ಮ ಕಡೆ 24 ಡಿಗ್ರಿಯ ಆಸುಪಾಸು. ಬದಲಾಗುವುದು ಹೊರಗಿನ ಗಾಳಿ ಮತ್ತು ನಮ್ಮ ಮೈ. (ಈಗಿನ ಸಾವಿರ ಅಡಿ ಬೋರ್‌ವೆಲ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಕೆಳಗೆ ಹೋದಂತೆ ಭೂಮಿ ಬಿಸಿಯಾಗುತ್ತಾ ಹೋಗುವುದರಿಂದ ಅದರ ನೀರು ಬರುವಾಗಲೇ ಬೆಚ್ಚಗಿರುತ್ತದೆ. ಅವ್ವ ಇದ್ದಿದ್ದರೆ ಆ ನೀರನ್ನು ಹಾಲಿನ ಹತ್ತಿರ ಸೇರಿಸುತ್ತಿರಲಿಲ್ಲ.)

ಕತೆ ಕೇಳಿದ ಪುಟ್ಟಿ, "ಮೂರು ಸಲ ಅರ್ಧರ್ಧ ಕೊಡ ಹಾಕೋ ಬದಲು ಒಂದೂವರೆ ಕೊಡ ಒಟ್ಟಿಗೇ ಸುರಿದಿದ್ರೆ ಕೆಲಸ ಬೇಗ ಮುಗೀತಿತ್ತಲ್ಲ?" ಎಂದಳು. ಅದನ್ನೇ ಪ್ರಯೋಗ ಮಾಡೋಣ ಎಂದೆ.

ಒಂದು ಸ್ಟೀಲ್ ಪಾತ್ರೆಗೆ 1 ಲೀಟರ್ ಬಿಸಿ ನೀರು, ತಾಪ 60 ಡಿಗ್ರಿ. ಅದನ್ನು ದೊಡ್ಡ ಪಾತ್ರೆಯಲ್ಲಿಟ್ಟು ಸುತ್ತ 3 ಲೀಟರ್ ಮಡಕೆ ನೀರು, 24 ಡಿಗ್ರಿ. ಕಲಕುತ್ತಾ ಕಾದೆವು. ಕಲಕುವುದು ಮುಖ್ಯ. ಇಲ್ಲದಿದ್ದರೆ ನಡುವಿನ ಬಿಸಿ ಅಂಚಿಗೆ ಬರಲು ಹೊತ್ತು ಹಿಡಿಯುತ್ತದೆ. ರಾಗಿಮುದ್ದೆ ಮೇಲೆ ಆರಿದಂತೆ ಕಂಡು ಒಳಗೆ ನಾಲಿಗೆ ಸುಡುವುದು ಅದರೊಳಗೆ ಏನೂ ಹರಿದಾಡಲು ಆಗದ ಕಾರಣಕ್ಕೇ. ಲೆಕ್ಕದ ಪ್ರಕಾರ ಎರಡೂ 33 ಡಿಗ್ರಿಗೆ ಬಂದು ನಿಲ್ಲಬೇಕು: 60ಕ್ಕೆ ಮೂರು 24 ಕೂಡಿ ನಾಲ್ಕರಿಂದ ಭಾಗಿಸಿದರೆ 33. ನಮಗೆ ಸಿಕ್ಕಿದ್ದು 32. ಒಂದು ಡಿಗ್ರಿಯನ್ನು ಪಾತ್ರೆಗಳು ಮತ್ತು ಗಾಳಿ ನುಂಗಿದವು.

ಆಮೇಲೆ ಅವ್ವನ ರೀತಿ. ಅದೇ 60 ಡಿಗ್ರಿಯ 1 ಲೀಟರ್, ಸುತ್ತ 1 ಲೀಟರ್ ಮಾತ್ರ. ಕಾಗದದ ಲೆಕ್ಕದಲ್ಲಿ ಮೊದಲ ನೀರಿಗೆ 60 ಮತ್ತು 24ರ ನಡುವೆ, ಅಂದರೆ 42. ಆ ನೀರು ಚೆಲ್ಲಿ ಎರಡನೆಯದು ಹಾಕಿದರೆ 42 ಮತ್ತು 24ರ ನಡುವೆ 33. ಪುಟ್ಟಿ ಅಲ್ಲೇ ಕಣ್ಣರಳಿಸಿದಳು. ಎರಡೇ ಲೀಟರಿಗೆ ಆ ಮೂರು ಲೀಟರ್ ಮಾಡಿದ ಕೆಲಸ ಮುಗಿದಿತ್ತು! ಮೂರನೆಯ ನೀರಿಗೆ 28.5. ನಮ್ಮ ತಾಪಮಾಪಕವೂ ಹೆಚ್ಚು ಕಡಿಮೆ ಅದೇ ದಾರಿಯಲ್ಲಿ ಇಳಿಯಿತು. ಮೂರು ಲೀಟರ್ ನೀರು ಅದೇ, ಬಿಸಿ ನೀರೂ ಅದೇ, ಹಂಚಿದ ರೀತಿ ಮಾತ್ರ ಬೇರೆ. ಪ್ರತಿ ಸಲವೂ ಹಸಿದ ನೀರು ಎದುರಾಗುವುದರಿಂದ ಅದು ಹೆಚ್ಚು ಕಾವು ಕುಡಿಯುತ್ತದೆ.

"ನಾಲ್ಕು, ಐದು, ಹತ್ತು ಸಲ ಹಾಕಿದ್ರೆ?" ಅಂದಳು. 24ರ ಹತ್ತಿರ ಹತ್ತಿರ ಹೋಗುತ್ತದೆ, 24ಕ್ಕಿಂತ ಕೆಳಗೆ ಮಾತ್ರ ಹೋಗುವುದಿಲ್ಲ. ಅದಕ್ಕೇ ಅವ್ವ ಕೊನೆಯಲ್ಲಿ ಒದ್ದೆ ಗೋಣಿಚೀಲ ಸುತ್ತುತ್ತಿದ್ದುದು. ಚೀಲದ ನೀರು ಆವಿಯಾಗಿ ಹೋಗಲು ಉಷ್ಣ ಬೇಕು, ಅದನ್ನು ಕ್ಯಾನಿನಿಂದ ಎಳೆದುಕೊಳ್ಳುತ್ತದೆ. ಮಡಕೆ ನೀರು ತಣ್ಣಗಿರುವ ಗುಟ್ಟೂ ಇದೇ.

ಪುಟ್ಟಿ ಈಗ ಹಾಲಿನ ಲೆಕ್ಕ ಹಾಕಿದಳು. 38 ಡಿಗ್ರಿಯ ಹಾಲು, ಅಷ್ಟೇ ಪ್ರಮಾಣದ 24 ಡಿಗ್ರಿಯ ಬಾವಿ ನೀರು. ಮೊದಲ ನೀರಿಗೆ 31, ಎರಡನೆಯದಕ್ಕೆ 27.5, ಮೂರಕ್ಕೆ 26ರೊಳಗೆ. ಪೆನ್ಸಿಲ್ ಕೆಳಗಿಟ್ಟು ನನ್ನನ್ನು ನೋಡಿದಳು. "ಅಂದ್ರೆ ನೀವು ನಾಟಕಕ್ಕೆ ಹೋದಾಗ ಹಾಲು 31ರಲ್ಲಿತ್ತು." ಹೌದು. ಒಲೆಯ ಪಕ್ಕ, ಬೆಚ್ಚನೆಯ ನೀರಿನೊಳಗೆ, ರಾತ್ರಿಯೆಲ್ಲ. ಹುಳಿಯಾಗಲು ಅದಕ್ಕಿಂತ ಅನುಕೂಲ ಇನ್ನೇನು ಬೇಕು? ಅರ್ಧ ಶತಮಾನದ ಮೇಲೆ ಯಾರೋ ನನ್ನ ತಪ್ಪನ್ನು ಡಿಗ್ರಿಯಲ್ಲಿ ಹೇಳಿದಂತಾಯಿತು.

ಈಗಿನ ಹಳ್ಳಿ ಡೇರಿಗಳಲ್ಲಿ ಇದರ ಚಿಂತೆಯಿಲ್ಲ. ಹಾಲು ನೇರವಾಗಿ ಶೀತಲೀಕರಣದ ದೊಡ್ಡ ತೊಟ್ಟಿಗೆ ಹೋಗಿ 4 ಡಿಗ್ರಿಗೆ ಇಳಿಯುತ್ತದೆ. ಆದರೆ ಅವ್ವನ ಲೆಕ್ಕ ಎಲ್ಲೂ ಹೋಗಿಲ್ಲ. ಒಮ್ಮೆ ಶಾಲೆಯ ಮಕ್ಕಳನ್ನು ಬೆಂಗಳೂರಿನ ಹೊಸೂರು ರಸ್ತೆಯ ಡೇರಿ ನೋಡಲು ಕರೆದುಕೊಂಡು ಹೋಗಿದ್ದೆ. ಹಾಲನ್ನು ಪಾಶ್ಚರೀಕರಿಸಲು 72 ಡಿಗ್ರಿಗೆ ಕಾಯಿಸಿ, 15 ಸೆಕೆಂಡು ಹಿಡಿದು, ಮತ್ತೆ ತಣಿಸಬೇಕು. ಅದಕ್ಕೆ ತೆಳುವಾದ ಸ್ಟೀಲ್ ತಗಡುಗಳನ್ನು ಪುಸ್ತಕದ ಹಾಳೆಗಳಂತೆ ಜೋಡಿಸಿದ ಯಂತ್ರ ಇರುತ್ತದೆ. ತಗಡಿನ ಒಂದು ಬದಿಯಲ್ಲಿ ಕಾದ ಹಾಲು ಹೊರಗೆ ಹೋಗುತ್ತಿರುತ್ತದೆ, ಇನ್ನೊಂದು ಬದಿಯಲ್ಲಿ ತಣ್ಣನೆಯ ಹಸಿ ಹಾಲು ಎದುರು ದಿಕ್ಕಿನಲ್ಲಿ ಒಳಗೆ ಬರುತ್ತಿರುತ್ತದೆ. ಬಿಸಿ ಹಾಲು ಮುಂದೆ ಮುಂದೆ ಹೋದಂತೆ ಅದಕ್ಕೆ ಇನ್ನೂ ತಣ್ಣನೆಯ ಹಾಲೇ ಎದುರಾಗುತ್ತದೆ. ಹೊಟ್ಟೆ ತುಂಬಿದ್ದು ಎದುರಾಗುವುದೇ ಇಲ್ಲ! ಹೋಗುವ ಹಾಲು ತಣಿಯುತ್ತದೆ, ಬರುವ ಹಾಲು ಅದೇ ಕಾವಿನಲ್ಲಿ ಕಾಯುತ್ತದೆ, ಸೌದೆಯ ಖರ್ಚೂ ಉಳಿಯಿತು. ಅಲ್ಲಿನ ಇಂಜಿನಿಯರ್ ವಿವರಿಸುತ್ತಿದ್ದಾಗ ನನಗೆ ಅವ್ವ ಎಮ್ಮೆಯ ಬಾನಿಗೆ ಬೆಚ್ಚನೆಯ ನೀರು ಸುರಿಯುತ್ತಿದ್ದುದು ನೆನಪಾಗಿ ಗಂಟಲು ಕಟ್ಟಿತು. ಮಕ್ಕಳು ಯಾಕೆ ಸಾರ್ ಎಂದರು. ಏನಿಲ್ಲ ಎಂದೆ.

ರಾತ್ರಿ ಪುಟ್ಟಿ ದಾಖಲೆ ಪುಸ್ತಕದಲ್ಲಿ ಶೀರ್ಷಿಕೆ ಬರೆದಳು: 'ಮುತ್ತಜ್ಜಿಯ ಮೂರು ನೀರು'. ಬೇಕಾಗುವ ಸಾಮಗ್ರಿ, ವಿಧಾನ, ಪಟ್ಟಿ ಎಲ್ಲ ಬರೆದಾಯಿತು. ಒಂದು ಸಲ ನಿಜವಾದ ಹಾಲಿನಲ್ಲೇ ನೋಡೋಣ ಎಂದು ಹಟ ಹಿಡಿದಳು. ಎದುರು ಮನೆಯಿಂದ ಆಗತಾನೇ ಕರೆದ ಹಾಲು ತಂದು, ಬೋಸಿ ಇಲ್ಲದ ಕಾರಣ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು, ಜಗಲಿಯ ಮೇಲೆ ಇಬ್ಬರೂ ಕೂತೆವು. ಕರೆಂಟ್ ಹೋಗಿತ್ತು, ತಾಪಮಾಪಕದ ಗೀಟು ಕಾಣುತ್ತಿರಲಿಲ್ಲ.

"ತಾತ, ಹೋಟೆಲಿನವರಿಗೆ ನೀವು ನಿಜ ಹೇಳಬೇಕಿತ್ತು ಅಲ್ವಾ?" ಎಂದಳು ಕತ್ತಲಲ್ಲಿ.

"ಹೇಳಬೇಕಿತ್ತು."

"ಮುತ್ತಜ್ಜಿಗೆ ಆಮೇಲಾದ್ರೂ ತಪ್ಪಾಯ್ತು ಅಂದ್ರಾ?"

"ಇಲ್ಲ."

ಅವಳು ಸುಮ್ಮನಾದಳು. ಬಲಗೈಯನ್ನು ಟಬ್ಬಿನ ನೀರಿಗೆ ಇಳಿಸಿ, ಎಡಗೈಯಲ್ಲಿ ಸೌಟು ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ, "ಒಂದೇ ಆಯ್ತು ಅನ್ಸುತ್ತೆ ತಾತ" ಎಂದಳು. ನಾನು ಎದ್ದು ಎರಡನೆಯ ನೀರು ತರಲು ಒಳಗೆ ಹೋದೆ.